ಕಿಡ್ನಿ ಕ್ಯಾನ್ಸರ್ ಔಷಧಿ ಹಿಡಿದಿಡುವ ಪೆಪ್ಟೈಡ್ ಜೆಲ್: ಲ್ಯಾಬ್‌ನಲ್ಲಿ ಮಾಡುವ ಬಗೆ

ದಾವಣಗೆರೆ, ಚಿತ್ರದುರ್ಗದ ಎಂಎಸ್ಸಿ, ಎಂಫಾರ್ಮಾ ಪ್ರಾಜೆಕ್ಟ್‌ಗೆ ಹೊಂದುವ ಕೆಲಸ ಇದು. ರೋಗಿಗೆ ಕೊಡುವಂಥದ್ದಲ್ಲ, ಮೂತ್ರದಲ್ಲಿ ರಕ್ತ ಕಂಡವರು ನೇರವಾಗಿ ಮೂತ್ರರೋಗ ತಜ್ಞರ ಬಳಿ ಹೋಗಬೇಕು.

ಪೆಪ್ಟೈಡ್ ಅಂದರೆ ಅಮೈನೋ ಆಮ್ಲಗಳ ಕಿರು ಸರಪಳಿ. ಬಿಡಿ ಪೆಪ್ಟೈಡ್ ಅಣು ಚಿಕ್ಕದು, ಕಿಡ್ನಿಯ ಸೋಸುಪರದೆ ದಾಟಿ ಬೇಗ ಮೂತ್ರ ಸೇರುತ್ತದೆ. ಅವೇ ಅಣುಗಳು ತಾವಾಗಿ ಹೆಣೆದುಕೊಂಡು ನಾರಾದರೆ ಗಡ್ಡೆಯ ಪಕ್ಕದಲ್ಲೇ ಕೂತು ಔಷಧಿಯನ್ನು ನಿಧಾನವಾಗಿ ಬಿಡಬಲ್ಲವು.

ಬೇಕಾದದ್ದು: ಎಫ್‌ಮಾಕ್-ಡೈಫಿನೈಲಲನೈನ್ ಪುಡಿ (ಇದೇ ಪೆಪ್ಟೈಡ್), ಡಿಎಂಎಸ್‌ಒ (ಪುಡಿ ಕರಗಿಸುವ ದ್ರಾವಕ), ಸುನಿಟಿನಿಬ್ ಮ್ಯಾಲೇಟ್ (ಕಿಡ್ನಿ ಕ್ಯಾನ್ಸರ್ ಔಷಧಿ), ಡಿಸ್ಟಿಲ್ಡ್ ವಾಟರ್. ಫ್ರೀಜರ್‌ನಿಂದ ತೆಗೆದ ಪುಡಿಯ ಮುಚ್ಚಳವನ್ನು ಅರ್ಧ ಗಂಟೆ ಬಿಟ್ಟು ತೆರೆಯಿರಿ, ಇಲ್ಲವಾದರೆ ಪುಡಿ ಗಾಳಿಯ ತೇವ ಹೀರುತ್ತದೆ. ಚಳಿಗಾಲದ ಬೆಳಿಗ್ಗೆ ಡಿಎಂಎಸ್‌ಒ ಗಟ್ಟಿಯಾಗಿದ್ದರೆ ಕೆಟ್ಟಿದೆ ಎಂದುಕೊಳ್ಳಬೇಡಿ; ಅದು ಸುಮಾರು 18.5 ಡಿಗ್ರಿಗೇ ಹೆಪ್ಪುಗಟ್ಟುತ್ತದೆ. ಮುಚ್ಚಿದ ಬಾಟಲಿಯನ್ನು ಅಂಗೈಯಲ್ಲಿ ಹಿಡಿದರೆ ಕರಗುತ್ತದೆ.

ಇಲ್ಲಿ ಬೇಕಾದ 0.2 ಮಿಲಿಗ್ರಾಂ ಔಷಧಿಯನ್ನು ನೇರವಾಗಿ ತೂಗಲು ಹೋಗಬೇಡಿ, ಅಷ್ಟು ಕಡಿಮೆ ತೂಕ ಸರಿಯಾಗಿ ಬರದು. 2 ಮಿಲಿಗ್ರಾಂ ತೂಗಿ 1 ಮಿಲಿಲೀಟರ್ ಡಿಎಂಎಸ್‌ಒದಲ್ಲಿ ಕರಗಿಸಿ, ಅದರ 100 ಮೈಕ್ರೋಲೀಟರನ್ನು 10 ಮಿಲಿಗ್ರಾಂ ಪೆಪ್ಟೈಡ್‌ಗೆ ಹಾಕಿ. ಕಣ ಕಾಣದಷ್ಟು ತಿಳಿಯಾಗುವ ತನಕ ವೋರ್ಟೆಕ್ಸ್ ಯಂತ್ರದಲ್ಲಿ ಗಿರಗಿರನೆ ಕಲಕಿ. ಸುನಿಟಿನಿಬ್ ದ್ರಾವಣಕ್ಕೆ ಬೆಳಕು ಆಗದು, ಫಾಯಿಲ್ ಸುತ್ತಿ.

ಪೆಪ್ಟೈಡ್ ಸೇರಿದ ಈ ದ್ರಾವಣದ 50 ಮೈಕ್ರೋಲೀಟರನ್ನು ಗಾಜಿನ ವಯಲ್‌ಗೆ ಹಾಕಿ, 950 ಮೈಕ್ರೋಲೀಟರ್ ನೀರನ್ನು ಒಂದೇ ಸಲಕ್ಕೆ ಸೇರಿಸಿ. ಮೊದಲು ಹಾಲಿನಂತೆ ಕದಡುತ್ತದೆ, ಆಮೇಲೆ ಮಬ್ಬು ಇಳಿಯುತ್ತಾ ಗಟ್ಟಿಯಾಗುತ್ತದೆ. ಹೆಪ್ಪು ಹಾಕಿದ ಪಾತ್ರೆಯನ್ನು ಅಲುಗಾಡಿಸದೆ ಬಿಡುವಂತೆ ಇದನ್ನೂ ಒಂದು ಗಂಟೆ ಬಿಡಿ. ವಯಲ್ ಬೋರಲು ಹಾಕಿದಾಗ ಜಾರಬಾರದು. ಈಗ ಪ್ರತಿ ಮಿಲಿಲೀಟರ್‌ನಲ್ಲಿ 5 ಮಿಲಿಗ್ರಾಂ ಪೆಪ್ಟೈಡ್, 0.1 ಮಿಲಿಗ್ರಾಂ ಔಷಧಿ ಇರುತ್ತದೆ.

ಹೆಚ್ಚಿನ ಸಲ ಕೈಕೊಡುವುದು ನೀರು. ನಮ್ಮ ಕಡೆಯ ಬೋರ್‌ವೆಲ್ ನೀರು ಗಡಸು. ಅದರ ಕ್ಯಾಲ್ಸಿಯಂ ಪೆಪ್ಟೈಡ್‌ನ ಕಾರ್ಬಾಕ್ಸಿಲ್ ತುದಿಗಳನ್ನು ಹಿಡಿದು ಬಿಳಿ ಗಂಟು ಮಾಡಬಹುದು. ಕ್ಯಾನ್ ನೀರೂ ಸಾಲದು. ಕಂಡಕ್ಟಿವಿಟಿ (ನೀರಿನ ವಿದ್ಯುತ್ ವಾಹಕತೆ) ಸೆಂಟಿಮೀಟರ್‌ಗೆ 5 ಮೈಕ್ರೋಸೀಮೆನ್ಸ್ ದಾಟಿದರೆ ಮತ್ತೆ ಬಟ್ಟಿ ಇಳಿಸಿ. ಜೆಲ್ ನೀರುನೀರಾದರೆ ತೇವ ಹೀರಿದ ಹಳೆಯ ಡಿಎಂಎಸ್‌ಒ ಮೇಲೆ ಅನುಮಾನಪಡಿ.

ಔಷಧಿ ಎಷ್ಟು ಹೊರಬಂತೆಂದು ನೋಡಲು 1 ಮಿಲಿಲೀಟರ್ ಪಿಬಿಎಸ್ (ಫಾಸ್ಫೇಟ್ ಉಪ್ಪಿನ ಬಫರ್ ದ್ರಾವಣ) ಅನ್ನು ವಯಲ್ ಗೋಡೆಗುಂಟ ಇಳಿಬಿಟ್ಟು 37 ಡಿಗ್ರಿಯಲ್ಲಿಡಿ. 1, 2, 4, 8, 24ನೇ ಗಂಟೆಗೆ ಮೇಲಿನಿಂದ 200 ಮೈಕ್ರೋಲೀಟರ್ ತೆಗೆದು, ಅಷ್ಟೇ ಹೊಸದನ್ನು ತುಂಬಿ. ಅದರಲ್ಲಿನ ಔಷಧಿಯನ್ನು ಸ್ಪೆಕ್ಟ್ರೋಫೋಟೋಮೀಟರ್‌ನಲ್ಲಿ 430 ನ್ಯಾನೋಮೀಟರ್ ಬೆಳಕಿಗೆ ಅಳೆಯಿರಿ. ತೆಗೆದ ಔಷಧಿಯನ್ನು ಲೆಕ್ಕಕ್ಕೆ ಸೇರಿಸದಿದ್ದರೆ ಫಲಿತಾಂಶ ಕಡಿಮೆ ಬರುತ್ತದೆ.

786-ಓ ಕಿಡ್ನಿ ಕ್ಯಾನ್ಸರ್ ಕೋಶಗಳ ಮೇಲೆ ಹಾಕುವಾಗ ಈ ಜೆಲ್‌ನ 5% ಡಿಎಂಎಸ್‌ಒ ತಾನೇ ಕೋಶಗಳನ್ನು ಕೊಲ್ಲಬಲ್ಲದು. ಮೀಡಿಯಂ (ಕೋಶ ಬೆಳೆಸುವ ದ್ರಾವಣ) ಹಲವು ಸಲ ಬದಲಿಸಿ ಅದನ್ನು 0.5%ಕ್ಕಿಂತ ಕೆಳಗಿಳಿಸಿ, ತೊಳೆದ ಮೀಡಿಯಂನಲ್ಲೂ ಔಷಧಿ ಅಳೆಯಿರಿ. ಔಷಧಿಯಿಲ್ಲದ ಜೆಲ್, ಜೆಲ್ ಇಲ್ಲದ ಔಷಧಿ, ಎರಡನ್ನೂ ಹೋಲಿಕೆಗೆ ಜೊತೆಗಿಡಿ. ಗ್ಲೌಸ್ ಬಿಚ್ಚಬೇಡಿ, ಉಳಿದದ್ದು ಸಿಂಕ್‌ಗಲ್ಲ, ಸೈಟೊಟಾಕ್ಸಿಕ್ ಲೇಬಲ್ಲಿನ ಹಳದಿ ಚೀಲಕ್ಕೆ.