ತಾತ್ಕಾಲಿಕ ಅಂದರೆ ಎಷ್ಟು ವರ್ಷ? ಬಳಸಿದ ಅಣು ಇಂಧನದ ವರದಿಗಳನ್ನು ಓದಿದ ನನ್ನ ಅನುಭವ

ನನ್ನ ಕೆಲಸ ಪರಿಸರ ವರದಿ ಬರೆಯುವುದು. ಮನೆ ಡೊಂಬಿವಲಿ, ಆಫೀಸು ನವಿ ಮುಂಬಯಿ. ಬಂದರು, ರಾಸಾಯನಿಕ ಕಾರ್ಖಾನೆ, ಕಲ್ಲಿದ್ದಲಿನ ಸ್ಥಾವರ ಅಂತ ಹದಿನೈದು ವರ್ಷದಿಂದ ಇಐಎ (ಯೋಜನೆಯಿಂದ ಪರಿಸರಕ್ಕೆ ಆಗುವ ಪರಿಣಾಮದ ವರದಿ) ಬರೆಯುತ್ತಿದ್ದೇನೆ. ಅಣು ಸ್ಥಾವರದ್ದು ಮಾತ್ರ ಒಂದೂ ಕೈಗೆ ಬಂದಿರಲಿಲ್ಲ. 2019ರ ಜುಲೈನಲ್ಲಿ ಬಂತು. ಕಳಿಸಿದ್ದು ಆಫೀಸಿನವರಲ್ಲ, ಕೈಗಾ ಹತ್ತಿರದ ಮಲ್ಲಾಪುರದಲ್ಲಿರುವ ನನ್ನ ಭಾವ.

ತಮಿಳುನಾಡಿನ ಕೂಡಂಕುಳಂನಲ್ಲಿ ಬಳಸಿದ ಅಣು ಇಂಧನ ಇಡುವುದಕ್ಕೆ ಬೇರೆ ಕಟ್ಟಡ ಕಟ್ಟುತ್ತಾರೆ, ಜುಲೈ 10ಕ್ಕೆ ರಾಧಾಪುರಂನಲ್ಲಿ ಸಾರ್ವಜನಿಕ ಅಹವಾಲು ಸಭೆ ಇದೆ ಅನ್ನುವ ಸುದ್ದಿಯನ್ನು ಅವರು ವಾಟ್ಸಾಪ್‌ನಲ್ಲಿ ಕಳಿಸಿದ್ದರು. ಆ ಸಭೆ ಮುಂದಕ್ಕೆ ಹೋಯಿತು. ಭಾವನ ಪ್ರಶ್ನೆ ಮುಂದಕ್ಕೆ ಹೋಗಲಿಲ್ಲ. "ನಾಳೆ ನಮ್ಮಲ್ಲೂ ಇಂಥದ್ದು ಕಟ್ತೇವೆ ಅಂದ್ರೆ ನಾವು ಏನು ಕೇಳ್ಬೇಕು ಮಾರಾಯ್ತಿ? ನೀನು ಇದೇ ಕೆಲಸದಲ್ಲಿದ್ದೀಯಲ್ಲ, ಎರಡು ಪುಟ ಬರೆದು ಕೊಡು" ಎಂದರು.

ಎರಡು ಪುಟ ತಾನೇ ಅಂದುಕೊಂಡೆ. ಮೂರು ತಿಂಗಳು ಹಿಡಿಯಿತು.

ಶುರುವೇ ತಪ್ಪಾಯಿತು. ನಮ್ಮ ಕಸುಬಿನವರಿಗೆ ಒಂದು ಚಾಳಿ ಇದೆ. ಹಳೇ ವರದಿ ತೆಗೆಯುವುದು, ಊರಿನ ಹೆಸರು ಬದಲಾಯಿಸುವುದು. (ನಾನು ಮೊದಲು ಕೆಲಸ ಮಾಡುತ್ತಿದ್ದ ಒಂದು ಕಡೆ ಸಮುದ್ರದ ದಂಡೆಯ ಹಳ್ಳಿಯ ವರದಿಯಲ್ಲಿ ಗೋಧಿ ಹೊಲ ಹಾಗೇ ಉಳಿದುಬಿಟ್ಟಿತ್ತು. ತಿದ್ದಬೇಕಾದವಳು ನಾನೇ.) ಈ ಸಲವೂ ಕಲ್ಲಿದ್ದಲು ಸ್ಥಾವರದ ನನ್ನ ಪಟ್ಟಿಯನ್ನೇ ಮುಂದಿಟ್ಟುಕೊಂಡೆ. ಸುತ್ತಲಿನ ಹತ್ತು ಕಿಲೋಮೀಟರ್, ಹನ್ನೆರಡು ವಾರ ಗಾಳಿಯ ಅಳತೆ, ಧೂಳು, ಸದ್ದು, ಬಾವಿ ನೀರು. ಅದಕ್ಕೆ ಅಣು ಸ್ಥಾವರ ಅಲ್ವಾ ಅಂತ ಒಂದು ಸಾಲು ಸೇರಿಸಿದೆ: "ಹಸುವಿನ ಹಾಲಿನಲ್ಲಿ ಅಯೋಡಿನ್-131 ಎಷ್ಟಿದೆ?" ರಿಯಾಕ್ಟರಿನ ಇಂಧನದಲ್ಲಿ ಹುಟ್ಟುವ ವಿಕಿರಣ ವಸ್ತು ಅದು, ಎಲ್ಲೋ ಓದಿದ್ದು ನೆನಪಿತ್ತು. ಹೆಮ್ಮೆಯಿಂದ ಅದರ ಕೆಳಗೆ ಗೆರೆಯನ್ನೂ ಎಳೆದೆ.

ಆ ಗೆರೆ ಅಳಿಸಿದ್ದು ತಾರಾಪುರ ಅಣು ಸ್ಥಾವರದ ಹತ್ತಿರದ ಬೋಯಿಸರ್‌ನಲ್ಲಿ. ಅಲ್ಲಿ ನಮಗೆ ಪರಿಚಯದ ಧಾರವಾಡದ ಕಾಕಾ ಇದ್ದಾರೆ, ಅಣು ಕ್ಷೇತ್ರದಲ್ಲೇ ದುಡಿದು ನಿವೃತ್ತರಾದವರು. ಒಂದು ಭಾನುವಾರ ದಿವಾದಿಂದ ವಸಯಿ, ವಸಯಿಯಿಂದ ಡಹಾಣು ಲೋಕಲ್ ಹಿಡಿದು ಅವರ ಮನೆಗೆ ಹೋದೆ. ಗುಟ್ಟಿನ ಮಾತು ಒಂದನ್ನೂ ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಪುಸ್ತಕದಲ್ಲಿರುವುದನ್ನೇ ಹೇಳಿದರು. ಆದರೆ ಯಾವ ಪುಟದಿಂದ ಓದಲು ಶುರು ಮಾಡಬೇಕು ಅನ್ನುವುದು ಅವರಿಗೆ ಗೊತ್ತಿತ್ತು.

ನನ್ನ ಪಟ್ಟಿ ನೋಡಿ ನಕ್ಕರು. "ಐದು ವರ್ಷದ ಹಳೇ ಇಂಧನದಾಗ ಅಯೋಡಿನ್ ಎಲ್ಲಿಂದ ಬರ್ತದವ್ವಾ? ಎಂಟು ದಿನಕ್ಕೊಮ್ಮೆ ಅರ್ಧ ಆಗ್ತದ ಅದು. ಎಂಬತ್ತು ದಿನಕ್ಕ ಸಾವಿರದಾಗ ಒಂದು ಪಾಲು. ನೀ ಕೇಳಬೇಕಾದ್ದು ಸೀಸಿಯಂ."

ಅದೇ ಇಂಧನದಲ್ಲಿರುವ ಇನ್ನೊಂದು ವಿಕಿರಣ ವಸ್ತು ಸೀಸಿಯಂ-137 ಅರ್ಧ ಆಗುವುದಕ್ಕೆ 30 ವರ್ಷ ಬೇಕು. ಸಾವಿರದಲ್ಲಿ ಒಂದು ಪಾಲಿಗೆ ಇಳಿಯಲು 300 ವರ್ಷ. ರಿಯಾಕ್ಟರ್ ನಡೆಯುತ್ತಿರುವಾಗ ಅವಘಡವಾದರೆ ಅಯೋಡಿನ್ ದೊಡ್ಡ ವಿಷಯ, ಹಾಲಿನ ಪರೀಕ್ಷೆ ಮಾಡುವುದೂ ಅದಕ್ಕೇ. ವರ್ಷಗಟ್ಟಲೆ ನೀರಿನಲ್ಲಿ ತಣಿದ ಇಂಧನದ ಕಟ್ಟಡಕ್ಕೆ ಅದೇ ಪ್ರಶ್ನೆ ಹಾಕಿದರೆ ಎದುರಿನವರು ಖುಷಿಯಿಂದ "ಅಯೋಡಿನ್ ಇಲ್ಲ" ಅಂತ ಉತ್ತರ ಕೊಟ್ಟು ಕೂರುತ್ತಾರೆ. ನಾವು ಚಪ್ಪಾಳೆ ತಟ್ಟಿ ಮನೆಗೆ ಬರಬೇಕು.

ಕಾಕಾ ಹೇಳಿದ ಎರಡನೇ ಮಾತು, ಎಲ್ಲಾ ಇಂಧನ ಒಂದೇ ಅಲ್ಲ. ಕೈಗಾದ 220 ಮೆಗಾವಾಟ್ ರಿಯಾಕ್ಟರಿನಲ್ಲಿ ಹೋಗುವುದು ನೈಸರ್ಗಿಕ ಯುರೇನಿಯಂ. ಹತ್ತೊಂಬತ್ತು ಕಡ್ಡಿಗಳ ಒಂದು ಕಟ್ಟು, ಒಂದು ಮೊಳಕ್ಕಿಂತ ಸ್ವಲ್ಪ ಜಾಸ್ತಿ ಉದ್ದ. ಕಾಕಾ ತಮ್ಮ ಮೊಣಕೈ ಮೇಜಿನ ಮೇಲೆ ಊರಿ, ಬೆರಳ ತುದಿಯ ಆಚೆ ಇನ್ನೆರಡು ಬೆರಳು ಇಟ್ಟು ತೋರಿಸಿದರು. ಅಂಥ 3,672 ಕಟ್ಟು ಒಂದು ರಿಯಾಕ್ಟರಿನಲ್ಲಿ. ಸ್ಥಾವರ ನಿಲ್ಲಿಸದೇ ದಿನವೂ ಕೆಲವು ತೆಗೆದು ಹೊಸದು ಹಾಕುತ್ತಾರೆ. ಕೈಗಾದ ಒಂದನೇ ಘಟಕ 2018ರ ಕೊನೆಗೆ 962 ದಿನ ನಿಲ್ಲದೇ ನಡೆದು ದಾಖಲೆ ಮಾಡಿದ್ದು ಇದರಿಂದಲೇ ಸಾಧ್ಯವಾಯಿತು. ಕೂಡಂಕುಳಂನದು ಬೇರೆ ಲೆಕ್ಕ. ರಷ್ಯಾದಿಂದ ಬರುವ ಸಮೃದ್ಧ (ಉರಿಯುವ ಪಾಲು ಹೆಚ್ಚಿಸಿದ) ಯುರೇನಿಯಂ, ಒಂದೊಂದು ಜೋಡಣೆ, ಅಂದರೆ ಕಡ್ಡಿಗಳ ದೊಡ್ಡ ಕಟ್ಟು, ನಾಲ್ಕೂವರೆ ಮೀಟರ್ ಉದ್ದ, ರಿಯಾಕ್ಟರಿನಲ್ಲಿ ಅಂಥವು 163.

ಇದು ನನಗೆ ಯಾಕೆ ಮುಖ್ಯ ಅನ್ನಿಸಿತು ಎಂದರೆ, ರಿಯಾಕ್ಟರಿನಿಂದ ತೆಗೆದ ಮೇಲೂ ಇಂಧನ ಶಾಖ ಕೊಡುತ್ತಲೇ ಇರುತ್ತದೆ, ಎರಡರ ಬಿಸಿಯೂ ಬೇರೆ. ಹತ್ತು ವರ್ಷ ತಣಿದ ಕೈಗಾ ಮಾದರಿಯ ಒಂದು ಕಟ್ಟು ಕೆಲವೇ ವಾಟ್ ಶಾಖ ಕೊಡುತ್ತದೆ, ನಮ್ಮ ದೇವರ ಕೋಣೆಯ ಎಲ್‌ಇಡಿ ಬಲ್ಬಿನಷ್ಟು. ಅಷ್ಟೇ ತಣಿದ ಕೂಡಂಕುಳಂ ಮಾದರಿಯ ಒಂದು ಜೋಡಣೆ ಅರ್ಧ ಕಿಲೋವಾಟಿನ ಆಸುಪಾಸು, ಅಡುಗೆಮನೆಯ ಮಿಕ್ಸಿ ಎಳೆಯುವಷ್ಟು. ಅಲ್ಲಿನ ವರದಿಯ ಅಂಕಿ ಇಲ್ಲಿಗೆ ಅಂಟಿಸಿದರೆ ಗೋಧಿ ಹೊಲದ ಕತೆಯೇ ಆಗುತ್ತದೆ.

ಬರುವಾಗ ಲೋಕಲ್‌ನಲ್ಲಿ ಜಾಗ ಸಿಕ್ಕಿತು. ಟಿಕೆಟಿನ ಹಿಂದೆ ಒಂದು ಲೆಕ್ಕ ಹಾಕಿದೆ. ಇಂಧನವನ್ನು ತಣಿಯಲು ಇಟ್ಟ ನೀರಿನ ಕೊಳದ ಪಂಪು ನಿಂತರೆ ನೀರು ಎಷ್ಟು ಹೊತ್ತಿಗೆ ಕುದಿಯುತ್ತದೆ? ಒಂದು ಕಿಲೋವಾಟ್ ಶಾಖ ಒಂದು ಗಂಟೆಯಲ್ಲಿ ಸಾವಿರ ಲೀಟರ್ ನೀರನ್ನು ಒಂದು ಡಿಗ್ರಿಗಿಂತ ತುಸು ಕಮ್ಮಿ ಬಿಸಿ ಮಾಡುತ್ತದೆ. ಹತ್ತು ವರ್ಷ ಹಳೆಯ 500 ಜೋಡಣೆ, 20 ಲಕ್ಷ ಲೀಟರ್ ನೀರು ಅಂತ ಇಟ್ಟುಕೊಂಡೆ. ಒಟ್ಟು 250 ಕಿಲೋವಾಟ್. ಗಂಟೆಗೆ ಒಂದು ಡಿಗ್ರಿಯ ಹತ್ತನೇ ಒಂದು ಪಾಲು ಏರುತ್ತದೆ. 40 ಡಿಗ್ರಿಯಿಂದ 100ಕ್ಕೆ ಹೋಗಲು ಮೂರು ವಾರದ ಮೇಲೆ. ಇದು ನನ್ನ ಟಿಕೆಟಿನ ಲೆಕ್ಕ, ಯಾವ ಸ್ಥಾವರದ್ದೂ ಅಲ್ಲ. ಆದರೆ ವಿರಾರ್ ಬರುವ ಹೊತ್ತಿಗೆ ನನ್ನ ಅರ್ಧ ಹೆದರಿಕೆ ಇಳಿದಿತ್ತು. ಉಳಿದ ಅರ್ಧ ಬೇರೆ ಕಡೆಗೆ ತಿರುಗಿತ್ತು. ಇದೇ ಕೊಳಕ್ಕೆ ರಿಯಾಕ್ಟರಿನಿಂದ ಆಗಷ್ಟೇ ತೆಗೆದ ಇಂಧನ ಹಾಕಿದರೆ ಲೆಕ್ಕ ಪೂರಾ ಬದಲಾಗುತ್ತದೆ. ಹಾಗಾಗಿ ಭಾವನ ಕಾಗದದಲ್ಲಿ ಮೊದಲ ಪ್ರಶ್ನೆ ಬರೆದೆ: ಇಲ್ಲಿಗೆ ತರುವ ಇಂಧನಕ್ಕೆ ಕನಿಷ್ಠ ಎಷ್ಟು ವರ್ಷ ವಯಸ್ಸಾಗಿರಬೇಕು, ಅದನ್ನು ಪರವಾನಗಿಯಲ್ಲಿ ಬರೆಯುತ್ತೀರಾ?

ಪ್ರತಿ ಇಐಎಯಲ್ಲೂ ಪರ್ಯಾಯಗಳು ಅಂತ ಒಂದು ಅಧ್ಯಾಯ ಇರುತ್ತದೆ. ನಿಜ ಹೇಳಬೇಕೆಂದರೆ ನಾವು ಅದನ್ನು ಸುಮ್ನೆ ಒಂದೂವರೆ ಪುಟದಲ್ಲಿ ಮುಗಿಸುತ್ತೇವೆ. ಈ ವಿಷಯದಲ್ಲಿ ಮಾತ್ರ ಅದೇ ಅಧ್ಯಾಯದಲ್ಲಿ ತಿರುಳಿದೆ. ನೀರಿನ ಕೊಳವೋ, ಒಣ ಕ್ಯಾಸ್ಕೋ? ಕೊಳಕ್ಕೆ ಪಂಪು ಬೇಕು, ಕರೆಂಟು ಬೇಕು, ನೀರು ಸೋರದಂತೆ ನೋಡುವವರು ಬೇಕು. ಕ್ಯಾಸ್ಕ್ ಅಂದರೆ ದಪ್ಪ ಉಕ್ಕಿನ ಅಥವಾ ಕಾಂಕ್ರೀಟಿನ ಪೆಟ್ಟಿಗೆ, ಸುತ್ತಲಿನ ಗಾಳಿಯಿಂದ ತಾನೇ ತಣಿಯುತ್ತದೆ. ಆದರೆ ಮೊದಲು ಕೆಲವು ವರ್ಷ ನೀರಿನಲ್ಲಿ ಇಟ್ಟಮೇಲೇ ಅದಕ್ಕೆ ತುಂಬಬಹುದು. ನಮ್ಮ ದೇಶದಲ್ಲಿ ಎರಡೂ ಇವೆ. ತಾರಾಪುರದ್ದು ನೀರಿನ ಕೊಳ, ರಾಜಸ್ಥಾನದ ರಾವತ್‌ಭಾಟಾದಲ್ಲಿ ಒಣ ಕ್ಯಾಸ್ಕ್.

2011ರ ಸುನಾಮಿಯಲ್ಲಿ ಜಪಾನಿನ ಫುಕುಶಿಮಾ ಅಣು ಸ್ಥಾವರದಲ್ಲಿ ಇವೆರಡಕ್ಕೂ ಒಂದೇ ದಿನ ಪರೀಕ್ಷೆ ಆಯಿತು. ನಾಲ್ಕನೇ ಘಟಕದ ಕೊಳದಲ್ಲಿ 1,535 ಜೋಡಣೆಗಳಿದ್ದವು, ನೀರು ಖಾಲಿಯಾಯಿತೇನೋ ಅಂತ ಲೋಕವೆಲ್ಲ ಹೆದರಿತು. ಖಾಲಿಯಾಗಿರಲಿಲ್ಲ. ಅದೇ ಆವರಣದಲ್ಲಿ ಒಂಬತ್ತು ಒಣ ಕ್ಯಾಸ್ಕ್‌ಗಳಲ್ಲಿ 408 ಜೋಡಣೆಗಳಿದ್ದವು. ಸುನಾಮಿ ನೀರು ಆ ಕಟ್ಟಡಕ್ಕೂ ನುಗ್ಗಿತು, ಕ್ಯಾಸ್ಕ್‌ಗಳಿಗೆ ಏನೂ ಆಗಲಿಲ್ಲ. ಇದನ್ನು ಓದಿದ ಮೇಲೆ ನನ್ನ ಒಲವು ಒಣ ಪೆಟ್ಟಿಗೆಯ ಕಡೆಗೇ. ಅದನ್ನು ಭಾವನಿಗೆ ಮುಚ್ಚಿಡಲಿಲ್ಲ.

ಈಗ ಅಸಲು ಮಾತಿಗೆ ಬರುತ್ತೇನೆ. ಓದಿದ ಕಾಗದಗಳಲ್ಲೆಲ್ಲ ಒಂದು ಶಬ್ದ ಮತ್ತೆ ಮತ್ತೆ ಕಣ್ಣಿಗೆ ಬಿತ್ತು: ತಾತ್ಕಾಲಿಕ. ಪೆನ್ಸಿಲ್‌ನಿಂದ ಗುರುತು ಹಾಕುತ್ತಾ ಹೋದೆ. ಬಂದರಿನ ವರದಿಯಲ್ಲಿ ತಾತ್ಕಾಲಿಕ ಶೆಡ್ ಅಂದರೆ ಹದಿನೆಂಟು ತಿಂಗಳು, ಅದನ್ನೂ ಬರೆದಿರುತ್ತಾರೆ. ಇಲ್ಲಿ ಯಾರೂ ವರ್ಷ ಹೇಳುವುದಿಲ್ಲ.

ಅಮೆರಿಕದ್ದನ್ನೇ ನೋಡಿ. ಅಲ್ಲಿ 1982ರ ಕಾನೂನು, 1998ರ ಜನವರಿ 31ರಿಂದ ಸರ್ಕಾರವೇ ಸ್ಥಾವರಗಳಿಂದ ಇಂಧನ ಎತ್ತಬೇಕು ಅಂತ ಹೇಳಿತ್ತು. ಎತ್ತಲೇ ಇಲ್ಲ. ಶಾಶ್ವತವಾಗಿ ಹೂಳುವ ಜಾಗ ಅಂತ ಯುಕ್ಕಾ ಬೆಟ್ಟವನ್ನು 1987ರಲ್ಲಿ ಆರಿಸಿದರು, ಅದೂ ನಿಂತುಹೋಯಿತು. 2012ರ ಜೂನ್‌ನಲ್ಲಿ ವಾಷಿಂಗ್ಟನ್ನಿನ ಮೇಲ್ಮನವಿ ನ್ಯಾಯಾಲಯ ಅಲ್ಲಿನ ಅಣು ನಿಯಂತ್ರಣ ಆಯೋಗವನ್ನು ನೇರವಾಗಿಯೇ ಕೇಳಿತು: ಶಾಶ್ವತ ಜಾಗ ಯಾವತ್ತೂ ಸಿಗದಿದ್ದರೆ ಏನು ಅನ್ನುವುದನ್ನು ಲೆಕ್ಕ ಹಾಕಿದ್ದೀರಾ? ಹಾಕಿರಲಿಲ್ಲ. ಎರಡು ವರ್ಷ ಕೂತು 2014ರಲ್ಲಿ ಆಯೋಗ ಒಂದು ದಪ್ಪ ವರದಿ ತಂದಿತು. ಸ್ಥಾವರ ಮುಚ್ಚಿದ ಮೇಲೆ 60 ವರ್ಷ, 160 ವರ್ಷ, ಆಮೇಲೆ ಕೊನೆಯೇ ಇಲ್ಲದ ಕಾಲ ಎಂದು ಮೂರು ಲೆಕ್ಕ ಅದರಲ್ಲಿದೆ. ನೂರು ವರ್ಷಕ್ಕೊಮ್ಮೆ ಕ್ಯಾಸ್ಕ್ ಬದಲಾಯಿಸುತ್ತಾರೆ, ಕಾವಲು ಯಾವತ್ತೂ ಇರುತ್ತದೆ ಅನ್ನುವುದು ಅದರ ಊಹೆ. ಹೆಚ್ಚಿನ ಪರಿಣಾಮಗಳು ಸಣ್ಣವು ಎಂಬ ತೀರ್ಮಾನ ನಿಂತಿರುವುದೇ ಈ ಊಹೆಯ ಮೇಲೆ.

ನೂರಾರು ವರ್ಷದ ಕಾವಲು ಅನ್ನುವುದು ನನಗೆ ಅರ್ಥವಾಗಲಿಲ್ಲ. ಕಾರವಾರದ ಹತ್ತಿರದ ಸದಾಶಿವಗಡ ನೆನೆಸಿಕೊಂಡೆ. ಸೋದೆ ಅರಸರು ಅದನ್ನು ಕಟ್ಟಿಸಿ ಹೆಚ್ಚೂಕಡಿಮೆ 300 ವರ್ಷ, ಸೀಸಿಯಂನ ಲೆಕ್ಕದಷ್ಟೇ. ಅದರ ಮೊದಲ ಕಾವಲುಗಾರನಿಗೆ ಸಂಬಳ ಕೊಟ್ಟವರು ಯಾರೂ ಈಗಿಲ್ಲ. ಅದೇ ಇಂಧನದಲ್ಲಿರುವ ಪ್ಲುಟೋನಿಯಂ-239ರ ಮಾತು ಬಿಡಿ, ಅದು ಅರ್ಧ ಆಗಲು 24,000 ವರ್ಷ.

ನಮ್ಮವರ ಉತ್ತರ ಬೇರೆ. ಬಳಸಿದ ಇಂಧನ ತ್ಯಾಜ್ಯವಲ್ಲ, ಸಂಪತ್ತು. ಮರುಸಂಸ್ಕರಣೆ ಮಾಡಿ, ಮತ್ತೆ ಇಂಧನವಾಗಬಲ್ಲ ಪ್ಲುಟೋನಿಯಂ ತೆಗೆಯುತ್ತೇವೆ ಎನ್ನುತ್ತಾರೆ. ಇದು ಬರೀ ಮಾತಲ್ಲ. ನಮ್ಮ ಟ್ರಾಂಬೆಯಲ್ಲೇ 1964ರಿಂದ ಆ ಕೆಲಸ ಶುರುವಾಗಿದೆ. ಕೈಗಾ ಮಾದರಿಯ ಇಂಧನದಲ್ಲಿ ನಿಜಕ್ಕೂ ಉರಿದು ವಿದಳನದ (ಅಣು ಒಡೆಯುವುದರ) ಬೂದಿಯಾಗುವುದು ನೂರಕ್ಕೆ ಒಂದು ಪಾಲಿಗಿಂತ ಕಮ್ಮಿ. ಆದರೆ ಪರಿಸರ ವರದಿ ಬರೆಯುವವಳಿಗೆ ಸಂಪತ್ತಾದರೂ ಅಷ್ಟೇ, ತ್ಯಾಜ್ಯವಾದರೂ ಅಷ್ಟೇ, ವಿಕಿರಣ ಹೆಸರು ಕೇಳಿ ಹೊರಡುವುದಿಲ್ಲ. ಸಂಪತ್ತು ಅನ್ನುವುದಾದರೆ ಯಾವ ವರ್ಷ ಒಯ್ಯುತ್ತೀರಿ, ಯಾವ ದಾರಿಯಲ್ಲಿ ಒಯ್ಯುತ್ತೀರಿ ಎಂದು ಬರೆಯಲಿ. ತಾರಾಪುರದ ಮೊದಲೆರಡು ಘಟಕ 1969ರಲ್ಲಿ ಅಮೆರಿಕದ ಇಂಧನದಿಂದ ಶುರುವಾದವು, ಒಪ್ಪಂದ 1993ಕ್ಕೆ ಮುಗಿಯಿತು. ಬಳಸಿದ ಆ ಇಂಧನ ಯಾರದ್ದು, ಏನು ಮಾಡಬೇಕು ಅನ್ನುವ ಜಗ್ಗಾಟದಲ್ಲಿ ಅದು ದಶಕಗಟ್ಟಲೆ ಅಲ್ಲೇ ಉಳಿಯಿತು. ತಡವಾಗಲು ತಾಂತ್ರಿಕ ಕಾರಣವೇ ಬೇಕೆಂದಿಲ್ಲ.

ಶಾಶ್ವತ ಜಾಗದ ಕತೆ ನಮ್ಮವರಿಗೆ ಹೇಳಬೇಕಾಗಿಲ್ಲ. 2012ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟಿನಲ್ಲಿ ಅಣು ತ್ಯಾಜ್ಯ ಹೂಳುವ ಜಾಗ ಅಂತ ಕೋಲಾರದ ಚಿನ್ನದ ಗಣಿಯ ಹೆಸರು ಬಂದಾಗ ಕೆಜಿಎಫ್‌ನಲ್ಲಿ ಎದ್ದ ಗಲಾಟೆ ನೆನಪಿದೆಯಲ್ಲ, ಆಮೇಲೆ ಹಾಗೇನೂ ಇಲ್ಲ ಅಂದರು. 2013ರ ಮೇ 6ರ ಕೂಡಂಕುಳಂ ತೀರ್ಪು ಭೂಗರ್ಭದ ಭಂಡಾರ ಬೇಗ ಆಗಬೇಕು ಎಂದಿತು. ಆ ಸ್ಥಾವರದ ಪಕ್ಕದ, ಭಾವ ಕಳಿಸಿದ ಸುದ್ದಿಯ ಕಟ್ಟಡದ ಗಡುವನ್ನೇ 2018ರಲ್ಲಿ 2022ರವರೆಗೆ ಮುಂದೂಡಬೇಕಾಯಿತು.

ಉಳಿದದ್ದನ್ನು ಚುಟುಕಾಗಿ ಬರೆದೆ. ಜನಸಾಮಾನ್ಯರಿಗೆ ಸ್ಥಾವರದಿಂದ ವರ್ಷಕ್ಕೆ 1 ಮಿಲಿಸೀವರ್ಟ್ (ಮೈಗೆ ತಗಲುವ ವಿಕಿರಣದ ಅಳತೆ) ದಾಟಬಾರದು ಎಂಬ ಮಿತಿ ಇದೆ, ನಿಸರ್ಗದಿಂದ ನಮಗೆ ಬರುವುದು ಜಗತ್ತಿನ ಸರಾಸರಿಯಲ್ಲಿ 2.4. ಹೊಸ ಕಟ್ಟಡಕ್ಕೆ ಬೇರೆ ಮಿತಿ ಕೇಳಬೇಡಿ, ಇಡೀ ಆವರಣದ ಒಟ್ಟು ಲೆಕ್ಕ ಕೇಳಿ ಎಂದೆ. 2006ರ ಇಐಎ ಅಧಿಸೂಚನೆಯಂತೆ ಸಭೆಗೆ 30 ದಿನ ಮೊದಲು ನೋಟಿಸು ಬರಬೇಕು, ವರದಿಯ ಸಾರಾಂಶ ಸ್ಥಳೀಯ ಭಾಷೆಯಲ್ಲೂ ಇರಬೇಕು, ನಡಾವಳಿಯ ವಿಡಿಯೋ ಆಗಬೇಕು. ಮೂವತ್ತು ದಿನದಲ್ಲಿ ಇದನ್ನೆಲ್ಲ ಹೊಸಬರು ಓದಿ ಅರಗಿಸಿಕೊಳ್ಳುವುದು ಆಗದ ಮಾತು. ನನಗೇ ಮೂರು ತಿಂಗಳಾಯಿತಲ್ಲ.

ಆರು ಪುಟ ಕಳಿಸಿದೆ. ಎರಡು ದಿನಕ್ಕೆ ಭಾವನ ಫೋನು. "ಅರ್ಧಾಯುಷ್ಯ ಅಂತ ಬರೆದಿದ್ದೀಯಲ್ಲ, ನಮ್ಮಮ್ಮ ಓದಿ ಯಾರು ಅಷ್ಟು ಬೇಗ ಹೋದ್ರು ಅಂತ ಕೇಳಿದ್ರು." ಪಠ್ಯಪುಸ್ತಕದ ಶಬ್ದ, ನನಗೆ ಹೊಳೆದೇ ಇರಲಿಲ್ಲ. "ಅರ್ಧ ಆಗಲು ಬೇಕಾದ ಕಾಲ" ಅಂತ ತಿದ್ದಿದೆ. ಬಳಸಿದ ಇಂಧನ ಅನ್ನುವ ಬದಲು ಬೂದಿ ಮುಚ್ಚಿದ ಕೆಂಡ ಅಂತ ಬರೆಯೋಣ ಎಂದರು. ಅದಕ್ಕೆ ಒಪ್ಪಲಿಲ್ಲ. ಊದಿದರೆ ಹೊತ್ತಿಕೊಳ್ಳುತ್ತದೆ ಅಂತ ಜನ ತಿಳಿಯುತ್ತಾರೆ, ಇದು ಹಾಗೆ ಹೊತ್ತುವ ವಸ್ತುವಲ್ಲ ಭಾವ, ನೀವು ಹತ್ತಿರ ಹೋಗಬಾರದು ಅಷ್ಟೇ ಎಂದೆ. ಸ್ವಲ್ಪ ಬೇಜಾರಾಯಿತು ಅವರಿಗೆ.

ಆರನೇ ಪುಟದ ಕೊನೆಗೆ ನಾನು ಒಂದು ಸಾಲು ಇಟ್ಟಿದ್ದೆ: "ಈ ಇಂಧನ ಇಲ್ಲಿಂದ ಹೊರಡುವ ವರ್ಷ", ಅದರ ಮುಂದೆ ಬರೆಯಲು ಖಾಲಿ ಗೆರೆ. ಮಲ್ಲಾಪುರದ ಡಿಟಿಪಿ ಹುಡುಗ ಅದನ್ನು ಟೈಪಿಂಗ್ ತಪ್ಪು ಅಂದುಕೊಂಡು ಗೆರೆ ತೆಗೆದುಬಿಟ್ಟಿದ್ದ. ಅಷ್ಟರಲ್ಲಿ ನಲವತ್ತು ಪ್ರತಿ ಝೆರಾಕ್ಸ್ ಆಗಿತ್ತು. ಭಾವ ಸ್ಕೇಲು, ಪೆನ್ನು ಹಿಡಿದು ಕೂತು ನಲವತ್ತರಲ್ಲೂ ಗೆರೆ ಎಳೆದರಂತೆ. ಅಕ್ಕ ಫೋಟೋ ಕಳಿಸಿದ್ದಳು.