ಗಿಡ್ಡ ಟ್ರ್ಯಾಕೋ, ಉದ್ದ ಟ್ರ್ಯಾಕೋ? ಮೂರು ಚಳಿಗಾಲ ಓಡಿಸಿದ ಮೇಲೆ ನನಗೆ ತಿಳಿದದ್ದು

ಪುಣೆಯ ಕೋಥರೂಡ್‌ನಲ್ಲಿ ನಮ್ಮ ಕೆಳಗಿನ ಮನೆಯವರು ಧಾರವಾಡದವರು. ಅವರ ಮಗಳು ಆಗಸ್ಟಿನಲ್ಲಿ ಎಂ.ಎಸ್. ಓದಲು ಅಮೆರಿಕಕ್ಕೆ ಹೋದಳು. ಅದೂ ನಾನು ಓದಿದ ಊರಿಗೇ, ಮಿಶಿಗನ್ ರಾಜ್ಯದ ಮೇಲ್ತುದಿಯಲ್ಲಿರುವ ಹೋಟನ್‌ಗೆ. ಮೊನ್ನೆ ಫೋನ್ ಮಾಡಿದ್ದಳು. "ಅಣ್ಣಾ, ನಾವು ಮೂರು ಜನ ಸೇರಿ ಒಂದು ಹಳೇ ಸ್ನೋಮೊಬೈಲ್ ತಗೋಬೇಕಂತೀವಿ. ಗಿಡ್ಡ ಟ್ರ್ಯಾಕಿಂದು ತಗೊಳ್ಳೋದೋ, ಉದ್ದಂದೋ?" ಅಂತ ಕೇಳಿದಳು. ಅರ್ಧ ಗಂಟೆ ಮಾತಾಡಿದೆ, ಆದರೂ ಹೇಳುವುದು ಮುಗಿಯಲಿಲ್ಲ. ಪುಣೆಯಿಂದ ಆ ಊರಿಗೆ ಇಂಜಿನಿಯರಿಂಗ್ ಓದಲು ಹೋಗುವ ಹುಡುಗರು ಹುಡುಗಿಯರು ಬೇರೆಯವರೂ ಇದ್ದಾರೆ. ಅದಕ್ಕೇ ಎಲ್ಲ ಬರೆದಿಡೋಣ ಅಂತ ಕೂತಿದ್ದೇನೆ.

ನೋಡದವರಿಗೆ ಮೊದಲು ಎರಡು ಮಾತು. ಸ್ನೋಮೊಬೈಲ್‌ಗೆ ಮುಂದೆ ಎರಡು ಸ್ಕೀ ಇರುತ್ತವೆ, ಹ್ಯಾಂಡಲ್ ತಿರುಗಿಸಿದರೆ ಅವು ತಿರುಗುತ್ತವೆ. ಹಿಂದೆ ಗಾಲಿ ಇಲ್ಲ. ಅದರ ಬದಲು ಅಗಲವಾದ ರಬ್ಬರ್ ಪಟ್ಟಿ ಸುತ್ತುತ್ತಿರುತ್ತದೆ, ಅದೇ ಟ್ರ್ಯಾಕ್. ಪಟ್ಟಿಯ ಹೊರಮೈಯಲ್ಲಿ ಹಿಮ ಕಚ್ಚುವ ರಬ್ಬರ್ ಹಲ್ಲುಗಳಿರುತ್ತವೆ, ಅವಕ್ಕೆ ಲಗ್ ಅಂತಾರೆ. ಟ್ರ್ಯಾಕಿನ ಉದ್ದ ಅಂದರೆ ಆ ಇಡೀ ಪಟ್ಟಿಯ ಸುತ್ತಳತೆ, ಇಂಚಿನಲ್ಲಿ. 120 ಅಥವಾ 121 ಇಂಚು ಅಂದರೆ ಗಿಡ್ಡದ್ದು. 129, 136, 137 ನಡುವಿನವು. 144, 146 ಅಂದರೆ ಟ್ರೇಲೂ ಆಗಬೇಕು, ಮೆತ್ತನೆ ಹಿಮವೂ ಆಗಬೇಕು ಅನ್ನುವವರಿಗೆ. 154ರಿಂದ ಮೇಲಿನವು ಬೆಟ್ಟದಲ್ಲಿ ಸೊಂಟದ ಮಟ್ಟದ ಹಿಮದಲ್ಲಿ ಓಡಿಸುವವರದು. ಟ್ರೇಲ್ ಅಂದರೆ ಗುರುತು ಮಾಡಿ ಹದಗೊಳಿಸಿದ ಹಿಮದ ದಾರಿ.

ಹೋಟನ್ ಇರುವುದು ಕೀವಿನಾ ಅನ್ನುವ ಭೂಭಾಗದಲ್ಲಿ. ಸುಪೀರಿಯರ್ ಸರೋವರದೊಳಕ್ಕೆ ಚಾಚಿಕೊಂಡ ನೆಲ ಅದು. ತಣ್ಣನೆ ಗಾಳಿ ಇನ್ನೂ ಹೆಪ್ಪುಗಟ್ಟದ ನೀರಿನ ಮೇಲೆ ಹಾಯ್ದು ತೇವ ಎತ್ತಿಕೊಂಡು ಬಂದು ಅದನ್ನೆಲ್ಲ ಇಲ್ಲಿ ಹಿಮವಾಗಿ ಸುರಿಯುತ್ತದೆ. 1978-79ರ ಚಳಿಗಾಲದಲ್ಲಿ 390.4 ಇಂಚು ಬಿದ್ದಿತ್ತು, ಅಂದರೆ ಹತ್ತು ಮೀಟರಿಗೆ ಹತ್ತಿರ. ಆ ಅಂಕಿಯನ್ನು ಹೆದ್ದಾರಿ ಪಕ್ಕ ಎತ್ತರದ ಕಂಬದ ಮೇಲೆ ಗುರುತು ಮಾಡಿ ನಿಲ್ಲಿಸಿದ್ದಾರೆ. ಮೊದಲು ಅದು ತಾಮ್ರದ ಗಣಿಗಳ ನಾಡು. ನಮ್ಮ ಕೆ.ಜಿ.ಎಫ್. ಥರ ಗಣಿ ಮುಚ್ಚಿ, ಗಣಿಯ ರೈಲು ನಿಂತುಹೋಗಿ, ಹಳಿ ಕಿತ್ತ ದಾರಿಗಳಲ್ಲಿ ಎಷ್ಟೋ ಈಗ ಸ್ನೋಮೊಬೈಲ್ ಟ್ರೇಲ್‌ಗಳಾಗಿವೆ. ಹೋಟನ್ ಮತ್ತು ಹ್ಯಾನ್‌ಕಾಕ್ ನಡುವೆ ಒಂದು ಎತ್ತುವ ಸೇತುವೆ ಇದೆ. ಮೇಲಂತಸ್ತಿನಲ್ಲಿ ಕಾರು, ಮೊದಲು ರೈಲು ಓಡುತ್ತಿದ್ದ ಕೆಳಗಿನ ಅಂತಸ್ತಿನಲ್ಲಿ ಚಳಿಗಾಲದಲ್ಲಿ ಸ್ನೋಮೊಬೈಲ್. ಸೇತುವೆ ಶುರುವಾದದ್ದು 1959ರಲ್ಲಿ. ಬೊಂಬಾರ್ಡಿಯೆ ಅವರ ಸ್ಕೀ-ಡೂ ಹೆಸರಿನ ಮೊದಲ ಸ್ನೋಮೊಬೈಲ್ ಕೆನಡಾದಲ್ಲಿ ಮಾರಾಟಕ್ಕೆ ಬಂದದ್ದೂ ಅದೇ ವರ್ಷ. ಆ ಕಬ್ಬಿಣದ ಗೂಡಿನೊಳಗೆ ಮೊದಲ ಸಲ ಓಡಿಸಿದಾಗ ಎಂಜಿನ್ ಸದ್ದು ನಾಲ್ಕೂ ಕಡೆಯಿಂದ ತಿರುಗಿ ಬಂದು ಕಿವಿಗೆ ಬಡಿಯಿತು. ಹಳೇ ಆರ್‌ಎಕ್ಸ್ 100 ಬೈಕಿನದೇ ಟೂ-ಸ್ಟ್ರೋಕ್ ವಾಸನೆ. ಊರು ನೆನಪಾಗಿ ಹೊಟ್ಟೆಯಲ್ಲಿ ಒಂಥರಾ ಆಯ್ತು.

ನನ್ನ ಮೊದಲನೆಯದು 121 ಇಂಚಿನದು, ಲಗ್ ಒಂದು ಇಂಚು. 2012ರ ಡಿಸೆಂಬರಿನಲ್ಲಿ ರೂಮಿನಲ್ಲಿದ್ದ ಸಾಂಗ್ಲಿ ಹುಡುಗನ ಜೊತೆ ಅರ್ಧ ಅರ್ಧ ದುಡ್ಡು ಹಾಕಿ ತಗೊಂಡೆ. ಉದ್ದ, ಗಿಡ್ಡ ಅಂತ ಯೋಚನೆಯನ್ನೇ ಮಾಡಿರಲಿಲ್ಲ, ಕೈಗೆ ಎಟುಕುವ ಬೆಲೆಗೆ ಸಿಕ್ಕಿತ್ತು ಅಷ್ಟೇ. ಮೊದಲ ಒಂದು ತಿಂಗಳು ಅಷ್ಟು ಖುಷಿ ಕೊಟ್ಟ ಗಾಡಿ ಇನ್ನೊಂದಿಲ್ಲ. ಬೆಳಗ್ಗೆ ಏಳೂವರೆಗೆ ಹೊರಟರೆ ರಾತ್ರಿಯೆಲ್ಲ ಹದ ಮಾಡಿದ ಟ್ರೇಲ್ ಹಾಸಿದ ಚಾಪೆ ಥರ ಇರುತ್ತಿತ್ತು. ಮರಗಳ ನಡುವೆ ಎಡಕ್ಕೆ ಬಲಕ್ಕೆ ತಿರುವು. ಸ್ವಲ್ಪ ವಾಲಿದರೆ ಸಾಕು, ಗಾಡಿ ತಾನೇ ತಿರುಗುತ್ತಿತ್ತು. ಗಿಡ್ಡ ಟ್ರ್ಯಾಕಿನ ಗುಣವೇ ಅದು. ನೆಲ ಹಿಡಿದಿರುವ ಭಾಗ ಕಡಿಮೆ, ಹಾಗಾಗಿ ಹಿಂಭಾಗ ಬೇಗ ಹೊರಳುತ್ತದೆ, ಸ್ಕೀ ಹೇಳಿದ ಮಾತು ಕೇಳುತ್ತದೆ.

ತೊಂದರೆ ಶುರುವಾಗುವುದು ಮಧ್ಯಾಹ್ನ. ಶನಿವಾರ ಭಾನುವಾರ ದೂರದೂರದಿಂದ ಜನ ಬರುತ್ತಾರೆ. ತಿರುವಿನ ಮೊದಲು ಎಲ್ಲರೂ ಬ್ರೇಕ್ ಹಿಡಿಯುತ್ತಾರೆ, ದಾಟಿದ ಮೇಲೆ ಎಲ್ಲರೂ ಎಕ್ಸಲರೇಟರ್ ಒತ್ತುತ್ತಾರೆ. ಒಂದೊಂದು ಗಾಡಿಯೂ ಒಂದು ಚೂರು ಹಿಮ ಕೆದರಿ ಹಿಂದಕ್ಕೆ ತಳ್ಳುತ್ತದೆ, ಹಿಂದೆ ಬರುವ ಗಾಡಿ ಆ ಉಬ್ಬಿನ ಮೇಲೆ ಪುಟಿದು ಆಚೆಗೆ ಬಿದ್ದು ಅಲ್ಲೊಂದು ಗುಂಡಿ ಮಾಡುತ್ತದೆ, ಅದರ ಹಿಂದಿನದು ಆ ಗುಂಡಿಯನ್ನು ಇನ್ನಷ್ಟು ಆಳ ಮಾಡುತ್ತದೆ. ಎರಡು ಗಂಟೆ ಹೊತ್ತಿಗೆ ಟ್ರೇಲ್ ಅನ್ನುವುದು ಸಾಲು ಸಾಲು ಉಬ್ಬುಗಳ ದಾರಿ. ನನ್ನ ಗಿಡ್ಡ ಗಾಡಿ ಒಂದೊಂದು ಗುಂಡಿಗೂ ಇಳಿದು ಹತ್ತುತ್ತಿತ್ತು. ಹಿಂಭಾಗ ಮೇಲಕ್ಕೆ ಎಸೆಯುತ್ತಿತ್ತು, ನಾನು ಅರ್ಧ ದಾರಿ ನಿಂತೇ ಓಡಿಸುತ್ತಿದ್ದೆ. ಕ್ಯಾಲುಮೆಟ್ ಊರಿಗೆ ಹೋಗಿ ಬಂದ ಒಂದು ಭಾನುವಾರ ರಾತ್ರಿ ಬಗ್ಗಿ ಶೂ ಲೇಸ್ ಬಿಚ್ಚಲು ಆಗಲಿಲ್ಲ. ಸಾಂಗ್ಲಿಯವನೇ ಬಿಚ್ಚಿದ.

ಇದು ಯಾಕೆ ಹೀಗೆ ಅಂತ ನನಗೆ ಅರ್ಥ ಮಾಡಿಸಿದ್ದು ಟ್ರೇಲ್ ಹದ ಮಾಡುವ ಗ್ರೂಮರ್. ಟ್ರ್ಯಾಕ್ಟರ್ ಥರದ ದೊಡ್ಡ ಗಾಡಿ ಹಿಂದೆ ಉದ್ದನೆಯ ಕಬ್ಬಿಣದ ಚೌಕಟ್ಟು ಎಳೆಯುತ್ತದೆ. ಉಬ್ಬಿನ ತಲೆ ಕತ್ತರಿಸಿ ಗುಂಡಿಗೆ ತುಂಬುತ್ತದೆ. ಆ ಚೌಕಟ್ಟು ಅಷ್ಟುದ್ದ ಯಾಕೆ ಅಂತ ನೋಡುತ್ತಾ ನಿಂತಾಗ ಬೆಳಗಾವಿ ಹತ್ತಿರದ ನಮ್ಮ ಅಜ್ಜನ ಹೊಲ ಕಣ್ಣ ಮುಂದೆ ಬಂತು. ನೆಲ ಸಮ ಮಾಡಲು ಎತ್ತಿನ ಹಿಂದೆ ಹಲಗೆ ಎಳೆಯುತ್ತಾರಲ್ಲ, ಅಜ್ಜ ಅದರ ಮೇಲೆ ನಿಂತುಕೊಳ್ಳುತ್ತಿದ್ದರು. ಗಿಡ್ಡ ತುಂಡು ಕಟ್ಟಿದರೆ ಅದು ತಗ್ಗಿಗೆ ಇಳಿದು ದಿಬ್ಬ ಹತ್ತುತ್ತದೆ, ನೆಲ ಇದ್ದ ಹಾಗೇ ಉಳಿಯುತ್ತದೆ. ಉದ್ದದ್ದು ಮಾತ್ರ ದಿಬ್ಬದಿಂದ ದಿಬ್ಬಕ್ಕೆ ದಾಟುತ್ತದೆ. ಟ್ರ್ಯಾಕಿನ ಲೆಕ್ಕವೂ ಅದೇ. ನೆಲಕ್ಕೆ ತಾಗುವ ಭಾಗ ಎರಡು ಉಬ್ಬುಗಳ ನಡುವಿನ ದೂರಕ್ಕಿಂತ ಗಿಡ್ಡ ಇದ್ದರೆ ಗುಂಡಿಗೆ ಬೀಳುತ್ತೀರಿ. ಹತ್ತಿರ ಹತ್ತಿರ ಆ ದೂರದಷ್ಟೇ ಇದ್ದರೆ ತೇಲಿಕೊಂಡು ಹೋಗುತ್ತೀರಿ.

ಇಲ್ಲಿ ಒಂದು ಲೆಕ್ಕ ಗಮನಿಸಿ, ಎಷ್ಟೋ ಜನ ತಪ್ಪು ತಿಳಿದಿರುತ್ತಾರೆ. 121ರಿಂದ 137ಕ್ಕೆ ಹೋದರೆ 16 ಇಂಚು ಜಾಸ್ತಿ. ಆದರೆ ಅದು ಸುತ್ತಳತೆ, ಅರ್ಧ ಮೇಲಿರುತ್ತದೆ, ಅರ್ಧ ಕೆಳಗೆ. ನೆಲದ ಮೇಲೆ ಹೆಚ್ಚಾಗುವುದು ಸುಮಾರು 8 ಇಂಚು, ಅಂದರೆ ಒಂದು ಗೇಣು. ಆ ಒಂದು ಗೇಣಿಗಾಗಿಯೇ ಇಷ್ಟೆಲ್ಲ ಮಾತು, ಮತ್ತು ಆ ಒಂದು ಗೇಣು ಸೊಂಟಕ್ಕೆ ಗೊತ್ತಾಗುತ್ತದೆ.

ಗಿಡ್ಡದರ ಇನ್ನೊಂದು ಕಷ್ಟ ಫೆಬ್ರವರಿಯಲ್ಲಿ ಅನುಭವಕ್ಕೆ ಬಂತು. ಎದುರಿಗೆ ಗ್ರೂಮರ್ ಬಂತು, ದಾರಿ ಬಿಡೋಣ ಅಂತ ಬದಿಗೆ ಸರಿದೆ. ಎರಡು ಮಾರು ಹೋಗಿಲ್ಲ, ಹಿಂಭಾಗ ಪುಸಕ್ ಅಂತ ಕುಸಿಯಿತು. ಒಂದು ಇಂಚಿನ ಲಗ್ ಪುಡಿ ಹಿಮದಲ್ಲಿ ಸುಮ್ನೆ ತಿರುಗುತ್ತದೆ, ತಿರುಗಿದಷ್ಟೂ ಆಳಕ್ಕೆ ಇಳಿಯುತ್ತದೆ. ಸೀಟಿನ ಮಟ್ಟಕ್ಕೆ ಹಿಮ. ಇಬ್ಬರೂ ಕೈಯಲ್ಲೇ ತೋಡಿದೆವು, ಹತ್ತಿರ ಹತ್ತಿರ ಒಂದು ಗಂಟೆ. ಮೈನಸ್ ಹದಿನೈದು ಡಿಗ್ರಿಯಲ್ಲಿ ಬೆವರಿದರೆ ಆ ಬೆವರೇ ಆಮೇಲೆ ಒಳಬಟ್ಟೆಯಲ್ಲಿ ತಣ್ಣಗಾಗಿ ಕೊಲ್ಲುತ್ತದೆ. ಅವತ್ತಿನಿಂದ ಸೀಟಿನ ಕೆಳಗೆ ಮಡಿಸುವ ಸಲಿಕೆ ಇಲ್ಲದೆ ನಾನು ಹೊರಟದ್ದಿಲ್ಲ.

ಹಾಗಾದರೆ ಉದ್ದದ್ದೇ ವಾಸಿ ಅಲ್ವಾ? ನಾನೂ ಹಾಗೇ ಅಂದುಕೊಂಡೆ. ಮುಂದಿನ ಚಳಿಗಾಲ ಗೆಳೆಯನೊಬ್ಬನ 154 ಇಂಚಿನ, ಎರಡು ಇಂಚು ಲಗ್ಗಿನ ಗಾಡಿ ಎರಡು ವಾರ ಕೈಗೆ ಬಂತು. ಉಬ್ಬಿನ ಮೇಲೆ ಹಾಸಿಗೆ ಥರ ಹೋಯಿತು. ಆದರೆ ತಿರುವಿನಲ್ಲಿ ಹ್ಯಾಂಡಲ್ ತಿರುಗಿಸಿದರೆ ಸ್ಕೀ ತಿರುಗುತ್ತದೆ, ಗಾಡಿ ಮಾತ್ರ ನೇರ ಹೋಗುತ್ತದೆ. ಹಿಂದಿನ ಅಷ್ಟುದ್ದ ಪಟ್ಟಿ ನೇರಕ್ಕೆ ತಳ್ಳುತ್ತಿರುತ್ತದೆ, ಸ್ಕೀಗಳ ಮೇಲೆ ಭಾರ ಸಾಲದು. ಎದುರಿನಿಂದ ಬರುವವರ ದಾರಿಗೆ ಒಂದು ಸಲ ಅರ್ಧ ನುಗ್ಗಿಬಿಟ್ಟೆ, ಎದೆ ಝಲ್ ಅಂತು.

ಇನ್ನೊಂದು, ಬಿಸಿ. 2014ರ ಆ ಚಳಿಯಲ್ಲಿ ಸುಪೀರಿಯರ್ ಸರೋವರವೇ ಬಹುಪಾಲು ಹೆಪ್ಪುಗಟ್ಟಿತ್ತು. ನೀರು ಮುಚ್ಚಿಹೋದರೆ ಗಾಳಿಗೆ ತೇವ ಸಿಗುವುದಿಲ್ಲ, ಹೊಸ ಹಿಮ ಬೀಳುವುದು ಕಡಿಮೆಯಾಗುತ್ತದೆ. ಟ್ರೇಲ್ ಕಲ್ಲಿನಂತಾಗಿತ್ತು. ಈ ಗಾಡಿಗಳಲ್ಲಿ ಕೂಲಂಟ್, ಅಂದರೆ ಎಂಜಿನ್ ತಂಪು ಮಾಡುವ ದ್ರವ, ತಣ್ಣಗಾಗುವುದು ಟ್ರ್ಯಾಕ್ ಕೆದರಿ ಮೇಲಕ್ಕೆ ಎರಚುವ ಹಿಮದಿಂದ. ಟ್ರ್ಯಾಕ್ ಜಾರುವ ಪ್ಲಾಸ್ಟಿಕ್ ಪಟ್ಟಿಗಳಿವೆ, ಅಲ್ಲಿಯವರು ಹೈಫ್ಯಾಕ್ಸ್ ಅಂತಾರೆ, ಅವಕ್ಕೂ ಎಣ್ಣೆ ಅಂದರೆ ಆ ಹಿಮವೇ. ಗಟ್ಟಿ ಮಂಜಿನ ಮೇಲೆ ಪುಡಿ ಏಳುವುದಿಲ್ಲ. ಅದರಲ್ಲೂ ಬೆಟ್ಟದ ಗಾಡಿಗಳನ್ನು ಪುಡಿ ಹಿಮ ಯಾವಾಗಲೂ ಸಿಗುತ್ತದೆ ಅನ್ನುವ ಲೆಕ್ಕದಲ್ಲಿ ಮಾಡಿರುತ್ತಾರೆ. ಹತ್ತು ಕಿಲೋಮೀಟರ್ ಆಗುವಷ್ಟರಲ್ಲಿ ಕೆಂಪು ದೀಪ ಹತ್ತಿತು, ಪ್ಲಾಸ್ಟಿಕ್ ಸುಟ್ಟ ವಾಸನೆ ಬಂತು. ನಿಂತು, ಟ್ರೇಲ್ ಅಂಚಿನ ಹಿಮ ಬೊಗಸೆಯಲ್ಲಿ ತಂದು ತಂದು ಹಾಕಿದೆ. ನೆಲ ಗೀರಿ ಪುಡಿ ಎಬ್ಬಿಸುವ ಸ್ಪ್ರಿಂಗ್ ಕಡ್ಡಿಗಳು ಸಿಗುತ್ತವೆ, ಸ್ಕ್ರ್ಯಾಚರ್ ಅಂತ. ಯಾವ ಉದ್ದದ ಗಾಡಿಯೇ ಆಗಲಿ, ಅವನ್ನು ಹಾಕಿಸಿ.

ಆಮೇಲೆ ಗಿಡ್ಡದ್ದನ್ನು ಮಾರಿ 137 ಇಂಚಿನದು ತಗೊಂಡೆ. ಲಗ್ ಒಂದೂಕಾಲು ಇಂಚು. ವಾಪಸ್ ಬರುವವರೆಗೆ ಅದನ್ನೇ ಓಡಿಸಿದೆ. ಮೊದಲ ದಿನ ಇದೂ ತಿರುವಿನಲ್ಲಿ ಸ್ವಲ್ಪ ಮೊಂಡು ಮಾಡಿತು. ಊರಿನ ಒಬ್ಬ ಹಿರಿಯ ಮೆಕ್ಯಾನಿಕ್ ಸಸ್ಪೆನ್ಶನ್ ಮುಂದಿನ ಲಿಮಿಟರ್ ಬೆಲ್ಟನ್ನು ಒಂದು ತೂತು ಬಿಗಿ ಮಾಡಿದರು, ಹತ್ತು ನಿಮಿಷದ ಕೆಲಸ. ಬೆಲ್ಟ್ ಬಿಗಿಯಾದರೆ ಭಾರ ಮುಂದಕ್ಕೆ ಬಂದು ಸ್ಕೀ ಚೆನ್ನಾಗಿ ಕಚ್ಚುತ್ತದೆ. ಮಂಜುಗಡ್ಡೆ ಮೇಲೆ ಹಿಡಿತ ಸಿಗಲಿ ಅಂತ ಟ್ರ್ಯಾಕಿಗೆ 96 ಮೊಳೆ ಹೊಡೆಸಿದೆ. ಹಿಂದೆ ಹಿಡಿತ ಜಾಸ್ತಿ ಮಾಡಿದರೆ ಮುಂದೆ ಸ್ಕೀ ಕೆಳಗಿನ ಕಾರ್ಬೈಡ್, ಅಂದರೆ ಗಟ್ಟಿ ಲೋಹದ ಅಲಗು, ಅದು ಕೂಡ ಹರಿತ ಇರಬೇಕು, ಇಲ್ಲದಿದ್ದರೆ ಮತ್ತೆ ನೇರ ತಳ್ಳುತ್ತದೆ. ಅದನ್ನೂ ಬದಲಾಯಿಸಿದೆ. ಆಮೇಲೆ ಬೆಳಗ್ಗೆಯ ತಿರುವಿನಲ್ಲಿ ಗಿಡ್ಡದರ ಖುಷಿಯಲ್ಲಿ ಮುಕ್ಕಾಲು ಪಾಲು ಸಿಕ್ಕಿತು, ಮಧ್ಯಾಹ್ನದ ಉಬ್ಬಿನಲ್ಲಿ ಕೂತೇ ಮನೆಗೆ ಬಂದೆ. ಬದಿಯ ಹಿಮಕ್ಕೆ ಇಳಿದರೂ ಎಕ್ಸಲರೇಟರ್ ಬಿಡದೆ ಹೋದರೆ ಹೊರಗೆ ಬರುತ್ತಿತ್ತು.

ಈಗ ಪುಣೆ ಹತ್ತಿರದ ಚಾಕಣ್‌ನಲ್ಲಿ ಸಸ್ಪೆನ್ಶನ್ ಕೆಲಸವನ್ನೇ ಮಾಡುತ್ತೇನೆ. ಹಾಗಾಗಿ ಧೈರ್ಯವಾಗಿ ಹೇಳುತ್ತೇನೆ, ಕ್ಯಾಟಲಾಗ್ ನೋಡಿ ಉದ್ದ ಆರಿಸಬೇಡಿ. ನಿಮ್ಮ ಟ್ರೇಲ್ ಭಾನುವಾರ ಮಧ್ಯಾಹ್ನ ಮೂರು ಗಂಟೆಗೆ ಹೇಗಿರುತ್ತದೆ ಅಂತ ಒಂದು ಸಲ ಹೋಗಿ ನೋಡಿ. ವಾರದ ನಡುವೆ ಬೆಳಗ್ಗೆ ಮಾತ್ರ, ಜನ ಕಡಿಮೆ ಇರುವ ಕಾಡಿನ ತಿರುವಿನಲ್ಲಿ ಓಡಿಸುವವರಿಗೆ 121 ಅಥವಾ 129 ಸಾಕು, ಅವರ ಖುಷಿ ಯಾಕೆ ಕಮ್ಮಿ ಮಾಡಲಿ. ಹಳೇ ರೈಲು ದಾರಿಯಲ್ಲಿ ವಾರದ ಕೊನೆಗೆ ದಿನಕ್ಕೆ ನೂರೈವತ್ತು ಕಿಲೋಮೀಟರ್ ಹೋಗುವವರು 137 ನೋಡಿ. ಟ್ರೇಲ್ ಒಂದಕ್ಕೇ 154 ಬೇಡವೇ ಬೇಡ.

ನಮ್ಮ ಹುಡುಗಿಗೆ ಇನ್ನೊಂದು ಮಾತು ಹೇಳಬೇಕಾಯಿತು. ಮೂರು ಜನ ಸೇರಿ ತಗೊಳ್ಳುತ್ತಾರೆ, ಪುಣೆಯಲ್ಲಿ ಆಕ್ಟಿವಾ ಮೇಲೆ ಡಬಲ್ ಸೀಟ್ ಓಡಾಡಿದವರು, ಅಲ್ಲೂ ಹಿಂದೆ ಒಬ್ಬಳನ್ನು ಕೂರಿಸಿಕೊಳ್ಳುವ ಮನಸ್ಸಾಗುತ್ತದೆ. ಒಬ್ಬರಿಗೆ ಅಂತ ಮಾಡಿದ ಗಿಡ್ಡ ಗಾಡಿಯಲ್ಲಿ ಅದು ಅಪಾಯ. ಹಿಂದೆ ಕೂತವರ ಭಾರ ಪೂರ್ತಿ ಹಿಂದಕ್ಕೆ ಬಿದ್ದು ಮುಂದೆ ಸ್ಕೀ ಹಗುರಾಗುತ್ತದೆ, ಹ್ಯಾಂಡಲ್ ತಿರುಗಿಸಿದರೂ ಗಾಡಿ ತಿರುಗುವುದಿಲ್ಲ. ಇಬ್ಬರು ಹೋಗುವುದಿದ್ದರೆ ಇಬ್ಬರಿಗೆಂದೇ ಮಾಡಿದ, ಉದ್ದ ಟ್ರ್ಯಾಕಿನ ಗಾಡಿಯನ್ನೇ ಹುಡುಕಬೇಕು.

ಅವಳಿಗೆ ಒಂದು 136 ಇಂಚಿನ ಇಬ್ಬರ ಗಾಡಿ ಸಿಕ್ಕಿದೆಯಂತೆ, ಶನಿವಾರ ನೋಡಲು ಹೋಗುತ್ತಾಳೆ. ಹೈಫ್ಯಾಕ್ಸ್ ಮೇಲೆ ಸವೆತದ ಗೆರೆ ಇರುತ್ತದೆ, ಅಲ್ಲಿಗೆ ಬಂದಿದ್ದರೆ ಬದಲಾಯಿಸುವ ಖರ್ಚು ಬೆಲೆಯಲ್ಲಿ ಮುರಿಸಿಕೋ ಅಂದೆ, ನನಗೆ ಮೊದಲ ಗಾಡಿ ಮಾರಿದವರು ಅದನ್ನು ಹೇಳಿರಲಿಲ್ಲ. ಹಿಂಭಾಗ ಎತ್ತಿಸಿ ಟ್ರ್ಯಾಕನ್ನು ಕೈಯಿಂದ ಒಂದು ಸುತ್ತು ಪೂರ್ತಿ ತಿರುಗಿಸು, ಹರಿದ ಲಗ್ ಎಷ್ಟಿವೆ ಎಣಿಸು, ಟ್ರ್ಯಾಕಿನ ಒಳಗಿನ ಸಣ್ಣ ಗಾಲಿಗಳ ಬೇರಿಂಗ್ ಕರಕರ ಅನ್ನುತ್ತದಾ ಕೇಳು, ಎಲ್ಲದರ ಫೋಟೋ ನನಗೆ ಹಾಕು ಅಂತ ಹೇಳಿದ್ದೇನೆ. ಅಲ್ಲಿ ಬೆಳಗ್ಗೆ ಆಗುವಾಗ ಇಲ್ಲಿ ಸಂಜೆ. ಶನಿವಾರ ಸಂಜೆ ಮನೆಯಲ್ಲೇ ಇರುತ್ತೇನೆ.