ಮೊದಲ ಐದು ಪುಟ ಕೊನೆಗೆ ಹೋದದ್ದು

ನನ್ನ ಕಾದಂಬರಿ ಲಿಂಗನಮಕ್ಕಿ ಹಿನ್ನೀರಿನದು. ಶರಾವತಿಯ ಈ ಅಣೆಕಟ್ಟು ಮುಗಿದದ್ದು 1964ರಲ್ಲಿ. ನೀರು ಏರುವ ಮೊದಲು ಒಂದು ಮನೆಯವರು ಊರು ಬಿಡುವ ಕಥೆ. ಅದಕ್ಕೆ ಐದು ಪುಟದ ಪ್ರೊಲಾಗ್, ಅಂದರೆ ಒಂದನೇ ಅಧ್ಯಾಯಕ್ಕೂ ಮೊದಲು ಬರುವ ಕಥೆಯ ತುಣುಕು, ಬರೆದಿದ್ದೆ. ಎಷ್ಟೋ ವರ್ಷದ ಮೇಲಿನ ಒಂದು ಬೇಸಿಗೆ. ನೀರು ತೀರಾ ಇಳಿದು ಮಡೆನೂರಿನ ಹಳೇ ಅಣೆಕಟ್ಟು ಕಾಣುತ್ತಿದೆ. (ಅದು ಲಿಂಗನಮಕ್ಕಿಗಿಂತ ಮೊದಲೇ ಕಟ್ಟಿದ್ದು, ಆಮೇಲೆ ಇದರ ನೀರಲ್ಲೇ ಮುಳುಗಿದ್ದು.) ಅಜ್ಜಿಯೊಬ್ಬಳು ಬಂದು ತನ್ನ ಮನೆಯ ಅಡಿಪಾಯ ಹುಡುಕುತ್ತಾಳೆ.

ಮೊದಲ ಅನುಮಾನ ಹುಟ್ಟಿಸಿದ್ದು ಡಿಟಿಪಿ ಮಾಡುವ ಹುಡುಗ. ಮೇಲೆ ‘ಮುನ್ನ’ ಅಂತ ಹಾಕಿದ್ದೆ. “ಮೇಡಂ, ಇದು ಮುನ್ನುಡಿನಾ? ಪುಟದ ನಂಬರ್ ರೋಮನ್‌ನಲ್ಲಿ ಹಾಕ್ಲಾ?” ಅಂತ ಕೇಳಿದ. ನಕ್ಕೆ. ಮನೆಗೆ ಬಂದ ಮೇಲೆ ಹೆದರಿಕೆ ಆಯಿತು. ನಮ್ಮ ಪುಸ್ತಕಗಳಲ್ಲಿ ಕಥೆಗೆ ಮುಂಚೆ ಲೇಖಕರ ಅರಿಕೆ, ಹಿರಿಯರೊಬ್ಬರ ಮುನ್ನುಡಿ, ನೆನಕೆಗಳ ಪಟ್ಟಿ ಎಲ್ಲಾ ಇರುತ್ತವೆ. ಜಾಸ್ತಿ ಜನ ಅದನ್ನೆಲ್ಲ ಹಾರಿಸಿ ನೇರ ಒಂದನೇ ಅಧ್ಯಾಯಕ್ಕೆ ಹೋಗುತ್ತಾರೆ. ನಾನೂ ಹಾಗೇ. ಆ ಸಾಲಲ್ಲಿ ಕೂತ ಪ್ರೊಲಾಗನ್ನು ಯಾರು ಓದುತ್ತಾರೆ?

ಎರಡು ಪ್ರತಿ ಪ್ರಿಂಟ್ ತೆಗೆಸಿದೆ. ಪ್ರೊಲಾಗ್ ಇದ್ದದ್ದನ್ನು ಅತ್ತಿಗೆಗೆ, ಇಲ್ಲದ್ದನ್ನು ಗೆಳತಿಗೆ ಕೊಟ್ಟೆ. ಚೆನ್ನಾಗಿದೆಯಾ ಅಂತ ಕೇಳಲಿಲ್ಲ. ತೊಡಕಾದ ಕಡೆ ಪೆನ್ಸಿಲ್ ಗೀಟು ಹಾಕಿ ಅಂದೆ, ಅಷ್ಟೇ.

ಗೆಳತಿ ಹಾಕಿದ್ದು ಒಂದೇ ಗೀಟು, ಮೂರನೇ ಅಧ್ಯಾಯದ ಅಡಕತ್ತರಿಯ ಹತ್ತಿರ. ಅಜ್ಜಿ ಅದನ್ನು ಯಾರಿಗೂ ಮುಟ್ಟಲು ಬಿಡುವುದಿಲ್ಲ. ಅದು ಅವಳ ತವರಿನದು ಅನ್ನುವುದು ಪ್ರೊಲಾಗ್‌ನಲ್ಲಿತ್ತು. ಎರಡು ವಾಕ್ಯ ಅಲ್ಲೇ ಸೇರಿಸಿದೆ, ಸರಿಹೋಯಿತು.

ಅತ್ತಿಗೆಯ ಗೀಟು ದಪ್ಪಗಿತ್ತು. ಹದಿನಾಲ್ಕನೇ ಅಧ್ಯಾಯದಲ್ಲಿ ಅಂಗಳಕ್ಕೆ ಲಾರಿ ಬಂದಿದೆ, ಅಜ್ಜಿ ಜಗಲಿಯಿಂದ ಏಳುತ್ತಿಲ್ಲ. ನಾನು ತಿಂಗಳುಗಟ್ಟಲೆ ತಿದ್ದಿದ ಜಾಗ ಅದು. “ಇವಳು ಲಾರಿ ಹತ್ತೇ ಹತ್ತುತ್ತಾಳಲ್ಲೇ. ಶುರುವಿನಲ್ಲೇ ವಾಪಸ್ ಬಂದು ಅಡಿಪಾಯ ಹುಡುಕಿದ್ಲಲ್ಲ!” ಅಂದರು ಅತ್ತಿಗೆ. ಊರು ಮುಳುಗುತ್ತದೆ ಅಂತ ಮೊದಲೇ ಹೇಳಿದರೆ ನಷ್ಟವಿಲ್ಲ, ಅದು ಎಲ್ಲರಿಗೂ ಗೊತ್ತು. ಆದರೆ ನನ್ನ ಕೈಯಲ್ಲಿದ್ದ ಗುಟ್ಟು ಅಜ್ಜಿಯದೊಂದೇ. ಅದನ್ನೂ ಬಾಗಿಲಲ್ಲೇ ಬಿಟ್ಟುಕೊಟ್ಟಿದ್ದೆ.

ಐದು ಪುಟ ಎತ್ತಿ ಕೊನೆಗೆ ಹಾಕಿದೆ. ಅಲ್ಲಿ ಅದು ಭಾಷಣದ ಹಾಗೆ ಕೇಳಿಸಿತು. ಪರಿಹಾರದ ಲೆಕ್ಕ, ಯಾರ ಮನೆಗೆ ಕರೆಂಟು ಬಂತು ಅನ್ನುವುದು, ಅಜ್ಜಿಯ ನಿಟ್ಟುಸಿರು, ಎಲ್ಲಾ ಹೊಡೆದುಹಾಕಿದೆ. ಅಜ್ಜಿ ಕಾಲಿನಿಂದ ಕೆಸರು ಕೆರೆದು ಮೊಮ್ಮಗನಿಗೆ ಬಚ್ಚಲು ಎಲ್ಲಿತ್ತು ಅಂತ ತೋರಿಸುತ್ತಾಳೆ. ಉಳಿದದ್ದು ಒಂದೂವರೆ ಪುಟ.

ಅಷ್ಟಾದರೂ ಬೇಕಾ? ಲಾರಿ ತಿರುವು ದಾಟಿದಾಗಲೇ ಕಥೆ ಮುಗಿದಿತ್ತು. ಆದರೆ ಲಾರಿ ಹತ್ತುವಾಗ ಅಜ್ಜಿ “ಇನ್ನು ಈ ಕಡೆ ತಲೆ ಹಾಕಿಯೂ ಮಲಗಲ್ಲ” ಅಂದಿದ್ದಳು. ಆ ಮಾತು ಮುರಿದದ್ದನ್ನು ತೋರಿಸಲು ನನಗೆ ಬೇರೆ ಜಾಗ ಇರಲಿಲ್ಲ. ಉಳಿಸಿಕೊಂಡೆ. ‘ಉಪಸಂಹಾರ’ ಅಂತ ಬರೆದರೆ ಪ್ರಬಂಧ ಅನ್ನಿಸುತ್ತೆ, ‘ಒಂದು ಬೇಸಿಗೆ’ ಅಂತ ಹಾಕಿದೆ.

ಪ್ರೆಸ್ಸಿನವರು ಲೆಕ್ಕ ಹಾಕಿದಾಗ ಒಟ್ಟು 194 ಪುಟ. ಹದಿನಾರು ಪುಟ ಒಟ್ಟಿಗೆ ಅಚ್ಚಾಗುವ ಹಾಳೆಗೆ ಒಂದು ಫಾರಂ ಅನ್ನುತ್ತಾರೆ, ಹನ್ನೆರಡು ಫಾರಂಗೆ 192. “ಕೊನೇದು ತೆಗೆದುಬಿಡಿ ಮೇಡಂ, ಸರಿಯಾಗಿ ಕೂರುತ್ತೆ” ಅಂದರು. ನನ್ನ ಅರಿಕೆಯೂ ಎರಡೇ ಪುಟ ಇತ್ತು. ಅದನ್ನು ತೆಗೆದೆ.